ಶಿವಪುರದ ಇಬ್ಬರು ನಟರಾಜರು

ಊರ ದೇವರು ಕಳುವಾದರೆ ಊರಿಗೆ ಗೊತ್ತಾಗದೆ ಇದ್ದೀತೆ? ಈ ಪ್ರಶ್ನೆಯನ್ನು ಮುಂದಿಟ್ಟರೆ ತಾವು ನಕ್ಕುಬಿಡಬಹುದು. ಬೀಗ ಮುರಿದಿರುತ್ತದೆ, ಗುಡಿ ಬರಿದಾಗಿರುತ್ತದೆ, ಬೆಳಗಿನ ಪೂಜೆಗೆ ಬಂದ ಅರ್ಚಕರು ಗಾಬರಿಯಿಂದ ಕೂಗಿ ಊರನ್ನೇ ಕೂಡಿಸಿರುತ್ತಾರೆ. ದೇವರ ಕಳವು ಎಂದರೆ ನಮ್ಮ ಕಣ್ಣೆದುರು ನಿಲ್ಲುವ ಚಿತ್ರ ಅದು. ಆದರೆ ಬೀಗ ಮುರಿಯದೆ, ಗುಡಿ ಬರಿದಾಗದೆ, ಒಂದು ಊರಿನ ನಟರಾಜ ಊರು ಬಿಟ್ಟು ಹೋಗಿ, ಹತ್ತು ವರ್ಷದ ಹತ್ತಿರ ಊರಿಗೆ ಅದರ ಸುಳಿವೇ ಹತ್ತದೆ ಇದ್ದ ಪ್ರಸಂಗವೊಂದುಂಟು. ಪತ್ತೇದಾರಿ ಕಾದಂಬರಿಯಲ್ಲಿ ಓದಿದ್ದರೆ ಕಟ್ಟುಕತೆ ಎಂದು ಬದಿಗಿಡಬಹುದಾಗಿತ್ತು. ಇದು ನಡೆದ ಸಂಗತಿ. ನ್ಯಾಯಾಲಯದ ಮೆಟ್ಟಿಲು ಹತ್ತಿದ ಸಂಗತಿ.

ಊರಿನ ಹೆಸರು ಶಿವಪುರ. ತಂಜಾವೂರು ಸೀಮೆಯಲ್ಲಿ ಕುಂಭಕೋಣದ ಹತ್ತಿರ ಇದೆ. ಊರು ಚಿಕ್ಕದಾದರೂ ಕ್ಷೇತ್ರ ಹಳೆಯದು. ತೇವಾರದ ಕವಿಗಳು ಹಾಡಿ ಹೊಗಳಿದ ಸ್ಥಳಗಳಲ್ಲಿ ಅದೂ ಒಂದು. ಅಲ್ಲಿಯ ದೇವರಿಗೆ ಶಿವಗುರುನಾಥಸ್ವಾಮಿ ಎಂದು ಹೆಸರು. 1951ನೆಯ ಇಸವಿಯಲ್ಲಿ ಆ ಊರಿನ ಹೊಲವೊಂದರಲ್ಲಿ ನೆಲ ಅಗೆಯುತ್ತಿದ್ದ ರೈತನ ಹಾರೆಗೆ ಲೋಹ ತಗಲಿತು. ಮಣ್ಣು ಬಿಡಿಸಿ ನೋಡಿದರೆ ಪಂಚಲೋಹದ ವಿಗ್ರಹಗಳು: ನಟರಾಜ, ಸೋಮಾಸ್ಕಂದ, ಗಣಪತಿ, ಬಾಲಕ ಜ್ಞಾನಸಂಬಂಧರು, ಅಮ್ಮನವರು. ಚೋಳರ ಕಾಲದ ಕೆಲಸ. ನಟರಾಜನನ್ನು ವಿದ್ವಾಂಸರು 10ನೆಯ ಶತಮಾನದವನೆಂದು ಎಣಿಸಿದ್ದಾರೆ. ದಂಡು ದಾಳಿಗಳು ಬಂದಾಗ ಉತ್ಸವಮೂರ್ತಿಗಳನ್ನು ನೆಲದಲ್ಲಿ ಹೂತಿಡುವುದು ಆ ಕಡೆಯ ಹಳೆಯ ಪದ್ಧತಿ. ಹೂತವರು ತೀರಿಕೊಂಡರೆ ಗುಟ್ಟೂ ಅವರೊಡನೆ ಹೋಗುತ್ತದೆ. ಹಾಗೆ ಮರೆತುಹೋದ ದೇವರುಗಳು ಕಾವೇರಿಯ ಮುಖಜಭೂಮಿಯಲ್ಲಿ ಇಂದಿಗೂ ನೇಗಿಲಿಗೆ, ಗುದ್ದಲಿಗೆ ಸಿಕ್ಕುವುದುಂಟು.

ನೆಲದಲ್ಲಿ ಸಿಕ್ಕಿದ ನಿಧಿ ಸರ್ಕಾರಕ್ಕೆ ಸೇರಿದ ವಿಚಾರ. 1878ರ ನಿಧಿ ಕಾಯಿದೆ ಹಾಗೆ ಹೇಳುತ್ತದೆ. ಈ ವಿಗ್ರಹಗಳು ಕಲೆಕ್ಟರರ ವಶಕ್ಕೆ ಹೋದುವು. ಆದರೆ ಊರವರಿಗೆ ಅವು ನಿಧಿಯಲ್ಲ, ದೇವರು. ಸರ್ಕಾರ ಊರವರ ಮಾತನ್ನು ಮನ್ನಿಸಿ, ಪೂಜೆಗೆಂದು ಅವನ್ನು ದೇವಾಲಯಕ್ಕೇ ಒಪ್ಪಿಸಿತು. ಇದು ಸರಿಯಾದ ತೀರ್ಮಾನ ಎಂದೇ ನನ್ನ ಎಣಿಕೆ. ಮುಂದೆ ಆದ ಅನಾಹುತವನ್ನು ನೋಡಿ, ‘ಅಂದೇ ಮ್ಯೂಸಿಯಮಿನಲ್ಲಿ ಇಟ್ಟಿದ್ದರೆ ಆಗುತ್ತಿತ್ತು’ ಎಂದು ಹೇಳುವವರಿದ್ದಾರೆ. ಬಾವಿಗೆ ಮಗು ಬಿದ್ದೀತೆಂದು ಊರಿನ ಬಾವಿಗಳನ್ನೆಲ್ಲ ಮುಚ್ಚಿಸಬೇಕು ಎಂಬ ವಾದ ಅದು.

ಅನಾಹುತ ಆರಂಭವಾದದ್ದು ಭಕ್ತಿಯಿಂದಲೇ. ಶತಮಾನಗಳು ಮಣ್ಣಿನಲ್ಲಿದ್ದ ಮೂರ್ತಿಗಳ ಮೈಯೆಲ್ಲ ಕಿಲುಬು, ಅಲ್ಲಲ್ಲಿ ಊನ. ಊನವಾದ ಮೂರ್ತಿ ಪೂಜೆಗೆ ಅನರ್ಹ ಎನ್ನುತ್ತದೆ ಆಗಮಶಾಸ್ತ್ರ. ಆದ್ದರಿಂದ 1954ರಲ್ಲಿ ದೇವಾಲಯದವರು ಅವನ್ನು ಶುದ್ಧಿಮಾಡಿ ಸರಿಪಡಿಸಿ ಕೊಡಲೆಂದು ಒಬ್ಬ ಸ್ಥಪತಿಗೆ ಒಪ್ಪಿಸಿದರು. ಸ್ವಲ್ಪ ಕಾಲವಾದ ಮೇಲೆ ವಿಗ್ರಹಗಳು ಗುಡಿಗೆ ಬಂದುವು. ಪೂಜೆ ನಡೆಯಿತು. ಎಲ್ಲರಿಗೂ ಸಂತೋಷವಾಯಿತು.

ಗುಡಿಗೆ ಬಂದ ನಟರಾಜ, ಗುಡಿಯಿಂದ ಹೋದ ನಟರಾಜನಲ್ಲ.

ಈ ಮೋಸ ಹೇಗೆ ಸಾಧ್ಯವಾಯಿತು ಎಂಬುದು ತಿಳಿಯಬೇಕಾದರೆ ಇಂಥ ವಿಗ್ರಹ ಹುಟ್ಟುವ ಬಗೆಯನ್ನು ತಾವು ಸ್ವಲ್ಪ ತಿಳಿದುಕೊಳ್ಳಬೇಕು. ಅದಕ್ಕೆ ತಮಿಳು ನಾಡಿನವರೆಗೂ ಹೋಗಬೇಕಾಗಿಲ್ಲ. ನಮ್ಮ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇದರ ವಿವರಣೆ ಉಂಟು. ಮೊದಲು ಜೇನುಮೇಣದಲ್ಲಿ ಮೂರ್ತಿಯನ್ನು ತಿದ್ದಿ ತೀಡಿ ಪೂರೈಸಬೇಕು. ಅದರ ಮೇಲೆ ನಯವಾದ ಮಣ್ಣನ್ನು ಪದರ ಪದರವಾಗಿ ಮೆತ್ತಿ ನೆರಳಿನಲ್ಲಿ ಒಣಗಿಸಬೇಕು. ಒಣಗಿದ ಮುದ್ದೆಯನ್ನು ಕಾಯಿಸಿದರೆ ಒಳಗಿನ ಮೇಣ ಕರಗಿ, ಬಿಟ್ಟ ರಂಧ್ರದ ಮೂಲಕ ಹರಿದುಹೋಗುತ್ತದೆ. ಒಳಗೆ ಮೂರ್ತಿಯ ಆಕಾರದ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಕರಗಿಸಿದ ಲೋಹವನ್ನು ಹೊಯ್ಯುವುದು. ಮೇಣದ ತೂಕಕ್ಕೆ ಎಷ್ಟು ಪಟ್ಟು ಲೋಹ ಬೇಕು ಎಂಬ ಲೆಕ್ಕವನ್ನೂ ಆ ರಾಜ ಬಿಟ್ಟಿಲ್ಲ. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದು ಮೂರ್ತಿಯನ್ನು ಹೊರತೆಗೆಯುತ್ತಾರೆ. ಮಧೂಚ್ಛಿಷ್ಟ ವಿಧಾನ ಎಂದು ಇದರ ಹೆಸರು. ಮಧೂಚ್ಛಿಷ್ಟ ಎಂದರೆ ಜೇನು ತೆಗೆದ ಮೇಲೆ ಉಳಿಯುವ ಮೇಣ.

ಇಲ್ಲಿ ಗಮನಿಸತಕ್ಕದ್ದು ಒಂದೇ: ಮೇಣವೂ ಹೋಯಿತು, ಅಚ್ಚೂ ಒಡೆಯಿತು. ಒಂದು ಅಚ್ಚಿಗೆ ಒಂದೇ ಮೂರ್ತಿ. ಇನ್ನೊಂದು ಬೇಕಾದರೆ ಮತ್ತೆ ಮೇಣದಿಂದಲೇ ತೊಡಗಬೇಕು. ಮೂಲವನ್ನು ಎದುರಿಗಿಟ್ಟುಕೊಂಡು, ಸಾವಿರ ವರ್ಷದ ಹಿಂದಿನ ಕೈಯನ್ನು ಇಂದಿನ ಕೈ ಅನುಕರಿಸಬೇಕು. ಮೂಲದ ಮೇಲೆಯೇ ಒತ್ತಿ ಅಚ್ಚು ತೆಗೆದೆವೆಂದು ಇಟ್ಟುಕೊಳ್ಳೋಣ. ಲೋಹ ಆರುವಾಗ ತುಸು ಕುಗ್ಗುತ್ತದೆ, ಪ್ರತಿ ಮೂಲಕ್ಕಿಂತ ಅಷ್ಟು ಚಿಕ್ಕದಾಗುತ್ತದೆ. ಹೇಗೆ ಮಾಡಿದರೂ ಎಲ್ಲೋ ಒಂದು ಕಡೆ ಗುರುತು ಉಳಿದೇ ಉಳಿಯುತ್ತದೆ.

ತಾಳೆಗರಿಯ ಗ್ರಂಥಗಳನ್ನು ಕೈಯಲ್ಲಿ ಹಿಡಿದವರಿಗೆ ಇದು ಹೊಸದಲ್ಲ. ಹಳಗನ್ನಡದ ಕಾವ್ಯವನ್ನು ಎರಡು ಮೂರು ಶತಮಾನಗಳಾದ ಮೇಲೆ ಲಿಪಿಕಾರನೊಬ್ಬ ಪ್ರತಿ ಮಾಡುತ್ತಾನೆ. ಮೂಲದಲ್ಲಿದ್ದಂತೆಯೇ ಬರೆಯುತ್ತೇನೆಂದು ಅವನ ಸಂಕಲ್ಪ. ಆದರೆ ಅವನ ಕಾಲಕ್ಕೆ ಱಕಾರ ಬಾಯಿಂದ ಬಿಟ್ಟುಹೋಗಿದೆ, ಪಕಾರ ಹಕಾರವಾಗಿದೆ. ಕೈ ತನ್ನ ಕಾಲವನ್ನು ಹೇಳಿಬಿಡುತ್ತದೆ. ಪಾಠಶೋಧನೆ ಎಂಬ ಶಾಸ್ತ್ರವೆಲ್ಲ ನಿಂತಿರುವುದು ಇದರ ಮೇಲೆ. ಪಂಡಿತರ ಮಾತೇಕೆ? ಪರೀಕ್ಷೆಯಲ್ಲಿ ಪಕ್ಕದವನನ್ನು ನೋಡಿ ಬರೆದ ಹುಡುಗನನ್ನು ಮೇಷ್ಟರು ಹಿಡಿಯುವುದು ಹೇಗೆ? ಸರಿಯುತ್ತರದಿಂದಲ್ಲ. ಸರಿಯುತ್ತರ ಎಲ್ಲರದೂ ಒಂದೇ. ನೋಡಿ ಬರೆಯುವವನು ಅರ್ಥ ತಿಳಿಯದೆ ಬರೆದ ಒಂದು ಅಕ್ಷರ ಅವನನ್ನು ಹಿಡಿದುಕೊಡುತ್ತದೆ.

ವಿಗ್ರಹದಲ್ಲಿಯೂ ಹಾಗೆಯೇ. ನಟರಾಜನ ಎತ್ತಿದ ಪಾದ, ಚಾಚಿದ ಎಡಗೈ, ಕೆದರಿದ ಜಟೆ, ಕಾಲಡಿಯ ಅಪಸ್ಮಾರ, ಸುತ್ತಲಿನ ಪ್ರಭಾವಳಿ, ಎಲ್ಲವನ್ನೂ ಅಳತೆಗೋಲಿನಿಂದ ಅಳೆದು ಪ್ರತಿ ಮಾಡಬಹುದು. ಸೊಂಟ ಬಳುಕಿದಲ್ಲಿ ಮೈಯ ಭಾರ ಒಂದು ಕಾಲಿಗೆ ಇಳಿಯುವ ಪರಿ ಉಂಟಲ್ಲ, ಅದು ಅಳತೆಗೋಲಿಗೆ ಸಿಕ್ಕುವುದಿಲ್ಲ. ಬೇಲೂರಿನ ದಾಸೋಜ, ಹೊಯ್ಸಳ ಗುಡಿಗಳ ಮಲ್ಲಿತಮ್ಮ ಮೊದಲಾದ ನಮ್ಮ ಶಿಲ್ಪಿಗಳು ಕಲ್ಲಿನಲ್ಲಿ ತಮ್ಮ ಹೆಸರನ್ನು ಕೆತ್ತಿ ಹೋದರು. ಚೋಳರ ಸ್ಥಪತಿಗಳಿಗೆ ಆ ರೂಢಿ ಇರಲಿಲ್ಲ. ಮೂರ್ತಿಯ ಮೈಯೇ ಅವರ ರುಜು.

ಆದರೆ ಈ ಗುರುತುಗಳನ್ನು ಶಿವಪುರದವರು ನೋಡುವುದೆಂತು? ಗುಡಿಯಲ್ಲಿ ದೇವರು ಬರಿಮೈಯಲ್ಲಿ ನಿಲ್ಲುವುದಿಲ್ಲ. ವಸ್ತ್ರ, ಹೂವು, ಗಂಧ, ಆಭರಣ, ಎಣ್ಣೆದೀಪದ ಬೆಳಕು, ಭಕ್ತರು ನಿಲ್ಲುವುದು ಹತ್ತಾರು ಅಡಿ ದೂರದಲ್ಲಿ, ಅದೂ ಕೈಮುಗಿದು ಕಣ್ಣು ಮುಚ್ಚಿ. ಕಿಲುಬು ತೆಗೆದು ಕೊಡಿ ಎಂದು ಕೊಟ್ಟ ಮೂರ್ತಿ ಥಳಥಳ ಹೊಳೆಯುತ್ತ ಮರಳಿದರೆ, ಚೆನ್ನಾಗಿ ತೊಳೆದಿದ್ದಾರೆ ಎನ್ನಬೇಕಲ್ಲದೆ ಹೊಸದಾಗಿ ಎರಕ ಹೊಯ್ದಿದ್ದಾರೆ ಎನ್ನಲಾದೀತೆ? ಇದೇ ಈ ಕಳವಿನ ಜಾಣ್ಮೆ. ಕಳ್ಳ ಕತ್ತಲೆಯನ್ನು ನಂಬಲಿಲ್ಲ. ಊರಿನ ವಿಶ್ವಾಸವನ್ನೇ ಕತ್ತಲೆಯಾಗಿ ಬಳಸಿಕೊಂಡ. ಸ್ಥಪತಿಗೆ ಆಸೆ ತೋರಿಸಿ ನಕಲು ಮಾಡಿಸಿದವರು ವಿಗ್ರಹದ ವ್ಯಾಪಾರ ಬಲ್ಲವರು. ಮೂಲಮೂರ್ತಿ ಕೈಯಿಂದ ಕೈಗೆ ದಾಟಿ ಮುಂಬಯಿ ಸೇರಿತು ಎಂಬುದು ಆಮೇಲಿನ ತನಿಖೆಯಲ್ಲಿ ಹೊರಬಿದ್ದಿತು. ಮುಂಬಯಿಯಲ್ಲಿ ಅದು ಕಲಾವಸ್ತುಗಳ ಸಂಗ್ರಾಹಕರೊಬ್ಬರ ಮನೆಯಲ್ಲಿ ವರ್ಷಗಟ್ಟಲೆ ಇದ್ದಿತು.

ಗುಟ್ಟನ್ನು ಒಡೆದವರು ಪೊಲೀಸರಲ್ಲ, ಒಬ್ಬ ವಿದ್ವಾಂಸರು. ಬ್ರಿಟಿಷ್ ಮ್ಯೂಸಿಯಮಿನ ಡಗ್ಲಸ್ ಬ್ಯಾರೆಟ್ ಚೋಳರ ಕಾಲದ ಲೋಹಮೂರ್ತಿಗಳನ್ನು ಕುರಿತು 1965ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಗುಡಿ ಗುಡಿ ಸುತ್ತಿ ಮೂರ್ತಿಗಳನ್ನು ಕಣ್ಣಾರೆ ಕಂಡು ಬರೆದ ಗ್ರಂಥ. ಅದರಲ್ಲಿ ಶಿವಪುರದ ಪ್ರಸ್ತಾಪ ಬಂದಾಗ, ಈಗ ಗುಡಿಯಲ್ಲಿರುವ ನಟರಾಜ ಹೊಸಗಾಲದ ನಕಲು, ಮೂಲ ಖಾಸಗಿಯವರ ಸಂಗ್ರಹದಲ್ಲಿದೆ ಎಂದು ಅವರು ತಿಳಿಸಿದರು. ಅಷ್ಟೆ. ತಮಟೆ ಬಾರಿಸಲಿಲ್ಲ, ಪತ್ರಿಕೆಗೆ ಹೇಳಿಕೆ ಕೊಡಲಿಲ್ಲ. ಶಿವಪುರದವರು ಆ ಇಂಗ್ಲಿಷ್ ಗ್ರಂಥವನ್ನು ತರಿಸಿ ಓದಿ ತಿಳಿಯಬೇಕಾಗಿತ್ತು ತಮ್ಮ ದೇವರು ಊರಲ್ಲಿಲ್ಲ ಎಂಬುದನ್ನು!

ಆ ಮಾತಿನಿಂದ ತನಿಖೆ ಹೊರಟಿತು. ಆದರೆ ನಮ್ಮ ತನಿಖೆಗಳ ಕಾಲು ನಿಧಾನ, ಹಣದ ಕಾಲು ಚುರುಕು. 1947ರ ಕಾಯಿದೆಯಂತೆ ಪ್ರಾಚೀನ ವಸ್ತುಗಳನ್ನು ಅಪ್ಪಣೆಯಿಲ್ಲದೆ ಹೊರದೇಶಕ್ಕೆ ಸಾಗಿಸುವುದು ಅಪರಾಧ. ಆದರೂ ನಾಲ್ಕು ಅಡಿಯ ಹತ್ತಿರದ, ಒಬ್ಬಾಳು ಎತ್ತಲಾರದಷ್ಟು ಭಾರದ ನಟರಾಜ 1960ರ ದಶಕ ಮುಗಿಯುವ ಹೊತ್ತಿಗೆ ಸಮುದ್ರ ದಾಟಿ ನ್ಯೂಯಾರ್ಕಿನ ಕಲಾವ್ಯಾಪಾರಿ ಬೆನ್ ಹೆಲ್ಲರ್ ಅವರ ಕೈ ಸೇರಿದ್ದ. ಅವರಿಂದ 1973ರಲ್ಲಿ ಅದನ್ನು ಕೊಂಡವರು ಕ್ಯಾಲಿಫೋರ್ನಿಯದ ನಾರ್ಟನ್ ಸೈಮನ್. ಡಬ್ಬಿಯ ಆಹಾರಪದಾರ್ಥಗಳ ಉದ್ಯಮದಲ್ಲಿ ಗಳಿಸಿ ಕಲಾಕೃತಿಗಳ ಮೇಲೆ ಸುರಿದ ಧನಿಕರು. ಕೊಟ್ಟ ಬೆಲೆ 9 ಲಕ್ಷ ಡಾಲರು. ಅಂದಿನ ಲೆಕ್ಕದಲ್ಲಿ ಸುಮಾರು 70 ಲಕ್ಷ ರೂಪಾಯಿ.

ಇಲ್ಲಿ ಕತೆಗೆ ಒಂದು ವಿಚಿತ್ರ ತಿರುವು ಬರುತ್ತದೆ. ಸಾಮಾನ್ಯವಾಗಿ ಪತ್ತೇದಾರಿ ಕತೆಯಲ್ಲಿ ಕದ್ದ ಮಾಲು ಇರುವವನು ಬಚ್ಚಿಡುತ್ತಾನೆ, ಪತ್ತೇದಾರ ಬಾಯಿ ಬಿಡಿಸುತ್ತಾನೆ. ಈ ಮಹನೀಯರು ಪತ್ರಿಕೆಯವರ ಮುಂದೆ ತಾವಾಗಿಯೇ ಹೇಳಿದರು: ಹೌದು, ಇದು ಕಳ್ಳಸಾಗಣೆಯ ಮಾಲು; ಏಷ್ಯದ ಕಲಾಕೃತಿಗಳಿಗೆಂದು ತಾವು ಈಚೆಗೆ ಚೆಲ್ಲಿರುವ ಒಂದೂವರೆ ಕೋಟಿ ಡಾಲರಿನ ಮಾಲಿನಲ್ಲಿ ಬಹುಪಾಲು ಹಾಗೆ ಬಂದದ್ದೇ! ಆಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಆದರೆ ಆಡಿದ ಮಾತು ಆಡಿಯಾಗಿತ್ತು. ಅವರು ಅಷ್ಟು ನಿರ್ಭಯವಾಗಿ ಮಾತನಾಡಿದ್ದಕ್ಕೆ ಕಾರಣವಿಲ್ಲದೆ ಇಲ್ಲ. ಭಾರತದಿಂದ ಹೊರಗೆ ಸಾಗಿಸುವುದು ಭಾರತದ ಕಾಯಿದೆಗೆ ವಿರುದ್ಧ. ಅದನ್ನು ಅಮೆರಿಕದೊಳಕ್ಕೆ ತರುವುದು ಆ ಕಾಲಕ್ಕೆ ಅಮೆರಿಕದ ಕಾಯಿದೆಗೆ ತಾನಾಗಿಯೇ ವಿರುದ್ಧವೇನೂ ಆಗಿರಲಿಲ್ಲ. ಇಂಥ ವಸ್ತುಗಳ ರಕ್ಷಣೆಗೆ 1970ರಲ್ಲಿ ಯುನೆಸ್ಕೊ ಒಂದು ಒಪ್ಪಂದವನ್ನು ಸಿದ್ಧಪಡಿಸಿತ್ತು. ನಮ್ಮ ದೇಶವೇ ಅದಕ್ಕೆ ಸೇರಿದ್ದು 1977ರಲ್ಲಿ. ಎರಡು ದೇಶಗಳ ಕಾಯಿದೆಗಳ ನಡುವಣ ಸಂದಿಯಲ್ಲಿ ಈ ವ್ಯಾಪಾರ ಬೆಳೆಯಿತು.

ಮೂರ್ತಿಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮಿನಲ್ಲಿ ಪ್ರದರ್ಶನಕ್ಕಿಡುವ ಏರ್ಪಾಡಾಗಿತ್ತು. ಭಾರತ ಸರ್ಕಾರ ಪ್ರತಿಭಟಿಸಿತು, ಅದು ನಿಂತಿತು. 1974ರಲ್ಲಿ ಸರ್ಕಾರ ದಾವೆ ಹೂಡಿತು. 1976ರಲ್ಲಿ ರಾಜಿಯಾಯಿತು: ನಟರಾಜ ಭಾರತದ ಸ್ವತ್ತು, ಆದರೆ 10 ವರ್ಷ ಸೈಮನ್ ಅವರ ಮ್ಯೂಸಿಯಮಿನಲ್ಲಿ ಇದ್ದು ಅನಂತರ ಹಿಂದಿರುಗತಕ್ಕದ್ದು. ಕದ್ದ ಮಾಲನ್ನು ಕೊಂಡವರಿಗೆ ಹತ್ತು ವರ್ಷ ಅನುಭೋಗದ ಹಕ್ಕು! ಕೇಳಿದರೆ ಸಿಟ್ಟು ಬರುತ್ತದೆ. ನ್ಯಾಯವಾದಿಗಳು ಹೇಳುವುದು ಬೇರೆ: ಪರದೇಶದ ನ್ಯಾಯಾಲಯದಲ್ಲಿ ಗೆಲುವು ನಿಶ್ಚಯವಲ್ಲದಿದ್ದಾಗ, ಮರಳಿ ಬರುವುದು ಖಂಡಿತವಾಯಿತಲ್ಲ ಎಂಬುದೇ ಲಾಭ. ಮಾತಿಗೆ ತಪ್ಪದೆ 1986ರಲ್ಲಿ ನಟರಾಜ ಸ್ವದೇಶಕ್ಕೆ ಬಂದ.

ಓದುಗ ಬಂಧುಗಳೆ, ಈ ಪ್ರಕರಣದಲ್ಲಿ ನನ್ನನ್ನು ಬಹಳವಾಗಿ ಕಾಡಿದ ಪ್ರಶ್ನೆ ಡಾಲರಿನದಲ್ಲ. ಆ ಹತ್ತು ವರ್ಷ ಶಿವಪುರದ ಜನ ಮಾಡಿದ ಪೂಜೆ ಯಾರಿಗೆ ಸಂದಿತು? ಅವರು ಹಚ್ಚಿದ ದೀಪ, ಹೊತ್ತ ಹರಕೆ ನಕಲಿಗೆ ಸಂದಿತೆ? ಮೋಸದಿಂದ ಹುಟ್ಟಿದ ಮೂರ್ತಿ ದೇವರಾದೀತೆ? ನಮ್ಮ ಆಗಮಗಳ ಉತ್ತರ ತಾವು ನೆನೆಯುವುದಕ್ಕಿಂತ ಉದಾರವಾದದ್ದು. ಲೋಹ ದೇವರಲ್ಲ, ಪ್ರಾಣಪ್ರತಿಷ್ಠೆಯಿಂದ ಆವಾಹಿಸಿದಾಗ ದೇವರು ಅದರಲ್ಲಿ ನೆಲಸುತ್ತಾನೆ. ಆ ನೋಟದಿಂದ ಶಿವಪುರದ ಭಕ್ತರಿಗೆ ನಷ್ಟವೇ ಆಗಲಿಲ್ಲ ಎಂದು ವಾದಿಸುವವರುಂಟು. ಈ ವಾದ ಕೇಳಲು ಇಂಪಾಗಿದೆ, ಕಳ್ಳನಿಗೂ ಇಂಪಾಗಿರುತ್ತದೆ. ಪೂಜೆ ವ್ಯರ್ಥವಾಗಲಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸಾವಿರ ವರ್ಷದ ಹಿಂದೆ ತಮ್ಮೂರಿನ ಹಿರಿಯರು ಮಾಡಿಸಿ, ಕಷ್ಟಕಾಲದಲ್ಲಿ ನೆಲದಲ್ಲಿ ಹುದುಗಿಸಿ ಕಾಪಾಡಿದ ಒಂದು ವಸ್ತು ಅವರಿಂದ ಹೋಯಿತು. ಅದಕ್ಕೆ ಭಕ್ತಿಯ ಲೆಕ್ಕದಲ್ಲಿ ಜಮಾಖರ್ಚು ಹಾಕಿ ತೀರಿಸಲು ಬರುವುದಿಲ್ಲ.

ಶಿವಪುರದ ದಾವೆ ರಾಜಿಯಲ್ಲಿ ಮುಗಿದದ್ದರಿಂದ ದೇವರ ಒಡೆತನ ಯಾರದು ಎಂಬುದನ್ನು ನ್ಯಾಯಾಧೀಶರು ವಿಚಾರಿಸಲಿಲ್ಲ. ಆ ವಿಚಾರ ನಡೆದದ್ದು ಲಂಡನ್ನಿನಲ್ಲಿ, ಇನ್ನೊಬ್ಬ ನಟರಾಜನ ದೆಸೆಯಿಂದ. ಅದೇ ತಂಜಾವೂರು ಸೀಮೆಯ ಪತ್ತೂರಿನಲ್ಲಿ 1976ರಲ್ಲಿ, ಪಾಳುಬಿದ್ದ ಶಿವಾಲಯವೊಂದರ ಬಳಿ ಕೂಲಿಗಾರನೊಬ್ಬ ನೆಲ ಅಗೆಯುವಾಗ ವಿಗ್ರಹಗಳು ಸಿಕ್ಕಿದುವು. ಅವನು ಕಲೆಕ್ಟರರ ಬಳಿಗೆ ಹೋಗಲಿಲ್ಲ. ವ್ಯಾಪಾರಿಯ ಕಡೆಗೆ ಹೋದ. 1982ರ ವೇಳೆಗೆ ಅದರಲ್ಲಿಯ ನಟರಾಜ ಲಂಡನ್ ಸೇರಿ, ಬಂಪರ್ ಡೆವಲಪ್‌ಮೆಂಟ್ ಎಂಬ ಕೆನಡದ ಕಂಪನಿಗೆ ಮಾರಾಟವಾಯಿತು. ಶುದ್ಧಿಕಾರ್ಯಕ್ಕೆಂದು ಕೊಟ್ಟಿದ್ದಾಗ ಲಂಡನ್ ಪೊಲೀಸರು ಅದನ್ನು ವಶಪಡಿಸಿಕೊಂಡರು. ಹಣ ಕೊಟ್ಟು ಕೊಂಡಿದ್ದೇವೆ, ಹಿಂದಕ್ಕೆ ಕೊಡಿಸಿ ಎಂದು ಕಂಪನಿ ಪೊಲೀಸ್ ಕಮಿಷನರ ಮೇಲೆಯೇ ದಾವೆ ಹೂಡಿತು.

ಎದುರು ನಿಂತು ಹಕ್ಕು ಹೇಳಿದವರು ಯಾರು ಯಾರು? ಭಾರತ ಸರ್ಕಾರ, ತಮಿಳುನಾಡು ಸರ್ಕಾರ, ಪತ್ತೂರಿನ ದೇವಾಲಯ, ಅವರೊಡನೆ ಆ ದೇವಾಲಯದ ಶಿವಲಿಂಗ! ತಾವು ಬೆರಗಾಗಬೇಡಿ. ಹಿಂದೂ ದೇವತೆ ಆಸ್ತಿ ಹೊಂದಬಲ್ಲ, ದಾವೆ ಹೂಡಬಲ್ಲ ನ್ಯಾಯಿಕ ವ್ಯಕ್ತಿ ಎಂದು ನಮ್ಮ ನ್ಯಾಯಾಲಯಗಳು ಹಿಂದಿನಿಂದ ಒಪ್ಪಿಕೊಂಡು ಬಂದಿವೆ. 1925ರಲ್ಲಿ ಪ್ರಿವಿ ಕೌನ್ಸಿಲೂ ಅದನ್ನೇ ಹೇಳಿತ್ತು. ಕಕ್ಷಿ ತಾನಾಗಿ ಮಾತನಾಡುವುದಿಲ್ಲ ಎಂಬುದೊಂದೇ ತೊಡಕು. ಅವನ ಪರವಾಗಿ ಮಾತನಾಡಲು ಮನುಷ್ಯನೊಬ್ಬನನ್ನು ನೇಮಿಸಿದರಾಯಿತು.

ಲಂಡನ್ನಿನ ನಟರಾಜನೂ ಪತ್ತೂರಿನ ನಟರಾಜನೂ ಒಬ್ಬನೇ ಎಂಬುದನ್ನು ರುಜುವಾತುಪಡಿಸುವುದು ಹೇಗೆ? ಹೂತಿಟ್ಟ ದೇವರ ಭಾವಚಿತ್ರ ಯಾರ ಬಳಿ ಇರುತ್ತದೆ? ಇಲ್ಲಿ ಪತ್ತೇದಾರಿಯ ಸ್ವಾರಸ್ಯ ಪೂರ್ತಿಯಾಗಿ ಹೊರಬರುತ್ತದೆ. ಅದೇ ನೆಲದಿಂದ ಬಂದ ಬೇರೆ ವಿಗ್ರಹಗಳು ತಮಿಳುನಾಡಿನಲ್ಲಿ ಸಿಕ್ಕಿದ್ದುವು. ಅವನ್ನೂ ನಟರಾಜನನ್ನೂ ಹೋಲಿಸಿದರು. ಶೈಲಿಯ ಸಾಮ್ಯವನ್ನು ಕುರಿತು ಆರ್. ನಾಗಸ್ವಾಮಿಯವರಂಥ ವಿದ್ವಾಂಸರು ಸಾಕ್ಷಿ ನುಡಿದರು. ಲೋಹವನ್ನು ಬಲ್ಲವರು ಲೋಹವನ್ನೂ ಮಣ್ಣನ್ನು ಬಲ್ಲವರು ಅಂಟಿದ ಮಣ್ಣನ್ನೂ ಪರೀಕ್ಷಿಸಿದರು. ಇವರೆಲ್ಲರ ಜೊತೆಗೆ ಇನ್ನೊಂದು ಸಾಕ್ಷಿ ಗೆದ್ದಲು. ನೆಲದಡಿಯಲ್ಲಿದ್ದಾಗ ವಿಗ್ರಹಗಳ ಮೇಲೆ ಗೆದ್ದಲು ಕಟ್ಟಿದ ಮಣ್ಣಿನ ಜಾಡುಗಳನ್ನು ಕೀಟಶಾಸ್ತ್ರಜ್ಞರು ನೋಡಿ ಹೋಲಿಸಿದರು. ವಾಲ್ಮೀಕಿಯನ್ನು ಮುಚ್ಚಿಟ್ಟು ಕಾಪಾಡಿದ ಜೀವಿ ನಟರಾಜನ ವಿಳಾಸವನ್ನೂ ಬರೆದಿಟ್ಟಿತ್ತು ಎನ್ನಬೇಕು.

1988ರಲ್ಲಿ ಇಂಗ್ಲೆಂಡಿನ ಹೈಕೋರ್ಟು ದೇವಾಲಯದ ಕಡೆಗೆ ತೀರ್ಪು ಕೊಟ್ಟಿತು. ಕಂಪನಿ ಮೇಲ್ಮನವಿ ಮಾಡಿತು. 1991ರ ಫೆಬ್ರವರಿಯಲ್ಲಿ ಮೇಲಿನ ನ್ಯಾಯಾಲಯವೂ, ದೇವಾಲಯ ದಾವೆ ನಡೆಸಲು ಅರ್ಹ, ನಟರಾಜ ಅದಕ್ಕೇ ಸೇರಬೇಕು ಎಂದಿತು. ಆ ವರ್ಷವೇ ಮೂರ್ತಿ ಮರಳಿ ಬಂದಿತು. ಪಾಳುಗುಡಿಯ ಶಿವಲಿಂಗ ಲಂಡನ್ನಿನಲ್ಲಿ ನ್ಯಾಯ ಕೇಳಲು ಹೋಗಿ ಗೆದ್ದು ಬಂದದ್ದು ಹೀಗೆ.

ಇಷ್ಟಾದ ಮೇಲೆ ಈ ವ್ಯಾಪಾರ ನಿಂತಿತೆ? ನಿಲ್ಲಲಿಲ್ಲ, ಉಪಾಯ ಬದಲಾಯಿತು. 1972ರ ಪ್ರಾಚೀನ ವಸ್ತುಗಳ ಕಾಯಿದೆ ಬಂದ ಮೇಲೆ ನಕಲು ವಿಗ್ರಹಕ್ಕಿಂತ ನಕಲು ಕಾಗದ ಹೆಚ್ಚು ಬೆಲೆಯುಳ್ಳದ್ದಾಯಿತು. ಆ ವಸ್ತು ಅದಕ್ಕೆ ಮುಂಚೆಯೇ ಭಾರತ ಬಿಟ್ಟಿತ್ತು ಎಂದು ಹಳೆಯ ತಾರೀಕಿನ ಒಂದು ಪತ್ರ ಸೃಷ್ಟಿಸಿದರೆ ಮ್ಯೂಸಿಯಮುಗಳೂ ಕೊಳ್ಳುತ್ತಿದ್ದುವು. ಧರ್ಮಶಾಸ್ತ್ರಗಳಲ್ಲಿ ಇಂಥ ಬರವಣಿಗೆಗೆ ಕೂಟಲೇಖ್ಯ ಎಂದು ಹೆಸರು. ರಾಜಶಾಸನವನ್ನೇ ಕೂಟವಾಗಿ ಬರೆದವನಿಗೆ ಮನು ಮರಣದಂಡನೆಯನ್ನು ವಿಧಿಸುತ್ತಾನೆ. ಕಾಗದದ ನಂಬಿಕೆಯಿಂದ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆ 2008ರಲ್ಲಿ ನ್ಯೂಯಾರ್ಕಿನ ವ್ಯಾಪಾರಿಯೊಬ್ಬನಿಂದ 50 ಲಕ್ಷ ಡಾಲರಿಗೂ ಮಿಕ್ಕು ಕೊಟ್ಟು ಒಂದು ಚೋಳ ನಟರಾಜನನ್ನು ಕೊಂಡಿತು. ಅದು ಶ್ರೀಪುರಂದಾನ್ ಎಂಬ ಊರಿನ, ಪೂಜೆ ನಿಂತು ಬೀಗ ಬಿದ್ದಿದ್ದ ಗುಡಿಯದು. ಅಲ್ಲಿ ನಕಲು ಇಡುವ ಶ್ರಮವೂ ಬೇಕಾಗಿರಲಿಲ್ಲ, ನೋಡುವವರೇ ಇಲ್ಲವಲ್ಲ! ಕಾಗದದ ಸುಳ್ಳನ್ನು ಹೊರಗೆಳೆದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಛಾಯಾಚಿತ್ರಗಳು. ಆ ಸಂಸ್ಥೆಯವರು ದಶಕಗಳಿಂದ ದಕ್ಷಿಣದ ಗುಡಿಗಳನ್ನು ಸುತ್ತಿ ಮೂರ್ತಿಗಳ ಚಿತ್ರ ತೆಗೆದು ಕಾಪಿಟ್ಟಿದ್ದರು. 1994ರಲ್ಲಿಯೂ ಆ ನಟರಾಜ ಗುಡಿಯಲ್ಲಿಯೇ ಇದ್ದುದಕ್ಕೆ ಅವರ ಚಿತ್ರ ಸಾಕ್ಷಿಯಾಯಿತು. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಪ್ರಧಾನಿ ಅದನ್ನು ದೆಹಲಿಯಲ್ಲಿ ಹಿಂದಕ್ಕೆ ಒಪ್ಪಿಸಿದರು.

ಒಂದು ಚಿತ್ರ! 1954ರಲ್ಲಿ ಸ್ಥಪತಿಯ ಕೈಗೆ ಮೂರ್ತಿಯನ್ನು ಕೊಡುವ ಮುನ್ನ ಎದುರು ಬೆನ್ನು ಎರಡೂ ಕಡೆಯಿಂದ ಚಿತ್ರ ತೆಗೆಸಿ, ತೂಕ ಎತ್ತರಗಳನ್ನು ಬರೆದಿಟ್ಟು, ಮರಳಿ ಬಂದಾಗ ತಾಳೆ ನೋಡಿದ್ದರೆ ಶಿವಪುರದ ಕತೆ ಅಲ್ಲಿಗೇ ಮುಗಿಯುತ್ತಿತ್ತು. ತಮ್ಮ ಊರಿನ ಗುಡಿಯ ಉತ್ಸವಮೂರ್ತಿಗೆ ಅಂಥ ಲೆಕ್ಕ ಬರೆದಿಟ್ಟಿದ್ದಾರೆಯೇ ಎಂದು ಧರ್ಮದರ್ಶಿಗಳನ್ನು ಕೇಳಿ ನೋಡಬಹುದು. ಕೇಳಿದವರನ್ನು ಸಂಶಯದಿಂದ ನೋಡುವ ಸಂಭವವೂ ಇದೆ, ಅದಕ್ಕೆ ಸಿದ್ಧರಾಗಿರಬೇಕು.

ಮರಳಿ ಬಂದ ದೇವರುಗಳು ಹಳೆಯ ಪೀಠಕ್ಕೇ ಹೋಗಿ ನಿಲ್ಲುವುದೂ ಸುಲಭವಾಗಿಲ್ಲ. ಚಿಕ್ಕ ಊರಿನ ಗುಡಿಯಲ್ಲಿ ಕೋಟ್ಯಂತರ ಬೆಲೆಯ ಮೂರ್ತಿಗೆ ಕಾವಲು ಎಲ್ಲಿಂದ ತರುವುದು? ಅದಕ್ಕಾಗಿ ತಮಿಳುನಾಡು ಸರ್ಕಾರ ತಿರುವಾರೂರು ಮೊದಲಾದ ಕಡೆಗಳಲ್ಲಿ ವಿಗ್ರಹಗಳ ಭದ್ರತಾ ಕೇಂದ್ರಗಳನ್ನು ಏರ್ಪಡಿಸಿದೆ. ನೂರಾರು ಊರುಗಳ ಉತ್ಸವಮೂರ್ತಿಗಳು ಅಲ್ಲಿ ಕಬ್ಬಿಣದ ಬಾಗಿಲುಗಳ ಹಿಂದೆ ಸಾಲಾಗಿ ನಿಂತಿವೆ. ಹಬ್ಬ ಬಂದಾಗ ಊರವರು ರುಜು ಹಾಕಿ ತಮ್ಮ ದೇವರನ್ನು ಎರವಲು ಪಡೆದುಕೊಂಡು ಹೋಗಿ, ಉತ್ಸವ ಮುಗಿಸಿ ತಂದೊಪ್ಪಿಸುವುದುಂಟು.